ಮಾಲೆ ಹಾಕಿದ ಮೂರನೇ ದಿನ: ಕುಡಿತ ಒಮ್ಮೆಲೇ ನಿಂತಾಗ ಮಿದುಳಿನಲ್ಲಿ ಆಗುವುದೇನು – ಒಂದು ಪ್ರಕರಣ ಅಧ್ಯಯನ

ಇದು ಯಾರೋ ಒಬ್ಬರ ಕೇಸ್ ಪೇಪರಿನ ನಕಲಲ್ಲ. ಕುಡಿತ ಬಿಟ್ಟ ಮೊದಲ ವಾರದಲ್ಲಿ ಆಸ್ಪತ್ರೆ ಸೇರುವವರಲ್ಲಿ ಮತ್ತೆ ಮತ್ತೆ ಕಾಣುವ ಲಕ್ಷಣಗಳನ್ನೂ ಅಂಕಿಗಳನ್ನೂ ಸೇರಿಸಿ ಒಬ್ಬ ರೋಗಿಯ ಸುತ್ತ ಕಟ್ಟಿದ ಪ್ರಕರಣ. ಔಷಧದ ಪ್ರಮಾಣಗಳೆಲ್ಲ ಆಸ್ಪತ್ರೆಯಲ್ಲಿ ಕೊಡುವಂಥವು, ಮನೆಯಲ್ಲಿ ಪ್ರಯೋಗ ಮಾಡಲಿಕ್ಕಲ್ಲ.

ಯಾರು, ಎಷ್ಟು, ಎಂದಿನಿಂದ

ವಯಸ್ಸು 46, ಊರು ಕುಂದಾಪುರದ ಕಡೆ. ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದು ಕಪ್ಪು ಬಸಿ ತೊಳೆಯುವುದರಿಂದ ಶುರು ಮಾಡಿ ಈಗ ಮುಲುಂಡಿನ ಒಂದು ಉಡುಪಿ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಂತವರು. ಹೆಂಡತಿ, ಮಕ್ಕಳು ಊರಲ್ಲಿ. ವಾಸ ಹೋಟೆಲಿನವರು ಕೊಟ್ಟ ಖೋಲಿಯಲ್ಲಿ, ಇನ್ನೂ ಏಳು ಜನರ ಜತೆ.

ಎಷ್ಟು ಕುಡಿಯುತ್ತೀರಿ ಎಂದು ರೋಗಿಯನ್ನೇ ಕೇಳಿದರೆ ‘ಸ್ವಲ್ಪ’ ಎಂಬ ಉತ್ತರ ಬರುತ್ತದೆ. ಖೋಲಿಯವರನ್ನು ಕೂರಿಸಿಕೊಂಡು ಹೊತ್ತು ಹೊತ್ತಿಗೆ ಕೇಳಿದಾಗ ಸಿಕ್ಕಿದ ಲೆಕ್ಕ ಬೇರೆ. ಬೆಳಿಗ್ಗೆ ಐದೂವರೆಗೆ ಕಾವಲಿ ಹಚ್ಚುವ ಮುಂಚೆ ಒಂದು ನೈಂಟಿ (90 ಮಿಲೀ), ಮಧ್ಯಾಹ್ನ ಮೂರರ ಬಿಡುವಿನಲ್ಲಿ ಇನ್ನೊಂದು, ರಾತ್ರಿ ಹೋಟೆಲ್ ಮುಚ್ಚಿದ ಮೇಲೆ ಒಂದು ಕ್ವಾರ್ಟರ್ (180 ಮಿಲೀ). ಒಟ್ಟು ದಿನಕ್ಕೆ 360 ಮಿಲೀ, ಹತ್ತು ಹನ್ನೆರಡು ವರ್ಷದಿಂದ. ಬಾಟ್ಲಿಯ ಮೇಲೆ 42.8% ಎಂದು ಬರೆದಿರುತ್ತದೆ. 360 ಮಿಲೀಯಲ್ಲಿ ಶುದ್ಧ ಆಲ್ಕೋಹಾಲ್ 154 ಮಿಲೀ. ಆಲ್ಕೋಹಾಲ್ ನೀರಿಗಿಂತ ಹಗುರ, ಮಿಲೀಗೆ 0.789 ಗ್ರಾಂ. ಹಾಗಾಗಿ ತೂಕ ಸುಮಾರು 122 ಗ್ರಾಂ. ಇದೇ ಲೆಕ್ಕದಲ್ಲಿ 30 ಮಿಲೀಯ ಒಂದು ಪೆಗ್ಗಿಗೆ 10 ಗ್ರಾಂ, 8% ಇರುವ ಸ್ಟ್ರಾಂಗ್ ಬಿಯರಿನ 650 ಮಿಲೀ ಬಾಟ್ಲಿಗೆ 41 ಗ್ರಾಂ ಬರುತ್ತದೆ. ‘ನಾನು ಬರೀ ಬಿಯರ್’ ಎನ್ನುವವರು ಈ ಕೊನೆಯ ಅಂಕಿಯನ್ನು ಇನ್ನೊಮ್ಮೆ ನೋಡಬೇಕು. ಮೂರು ಬಾಟ್ಲಿ ಸ್ಟ್ರಾಂಗ್ ಎಂದರೆ ಎರಡು ಕ್ವಾರ್ಟರಿಗೆ ಸಮ.

ಬೆಳಗಿನ ಆ ನೈಂಟಿ ಈ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯ. ಸಾಮಾನ್ಯರ ಪಿತ್ತಜನಕಾಂಗ ಗಂಟೆಗೆ 7ರಿಂದ 10 ಗ್ರಾಂ ಆಲ್ಕೋಹಾಲ್ ಕರಗಿಸುತ್ತದೆ. ನಿತ್ಯ ಕುಡಿಯುವವರಲ್ಲಿ ಇನ್ನೊಂದು ಕಿಣ್ವವೂ ಚುರುಕಾಗುವುದರಿಂದ ವೇಗ ಹೆಚ್ಚು. ರಾತ್ರಿ ಹನ್ನೊಂದೂವರೆಗೆ ಮುಗಿದ ಕ್ವಾರ್ಟರಿನ 61 ಗ್ರಾಂ ಗಂಟೆಗೆ 12ರಂತೆ ಕರಗಿದರೆ ಬೆಳಗಿನ ಜಾವ ನಾಲ್ಕೂವರೆಗೆಲ್ಲ ರಕ್ತ ಖಾಲಿ. ಐದೂವರೆಗೆ ಕೈ ನಡುಗುತ್ತದೆ, ಹಿಟ್ಟಿನ ಸೌಟು ನಿಲ್ಲುವುದಿಲ್ಲ. ಒಂದು ನೈಂಟಿ ಹಾಕಿದರೆ ಹದಿನೈದು ನಿಮಿಷದಲ್ಲಿ ಕೈ ಸ್ಥಿರ. ಜತೆಯವರು ಅದನ್ನು ‘ಕಣ್ಣು ಬಿಡುವ ಮದ್ದು’ ಎಂದು ತಮಾಷೆ ಮಾಡುತ್ತಿದ್ದರು. ವೈದ್ಯರ ಕಣ್ಣಿಗೆ ಅದು ಆಲ್ಕೋಹಾಲ್ ಇಳಿದಾಗ ಮೈಗೆ ಬರುವ ತೊಂದರೆ, ಪ್ರತಿ ಬೆಳಿಗ್ಗೆಯ ವಿದ್‌ಡ್ರಾವಲ್, ಪ್ರತಿ ಬೆಳಿಗ್ಗೆ ಅರ್ಧ ಚಿಕಿತ್ಸೆ.

ಊಟದ ವಿಷಯ. ದಿನವಿಡೀ ದೋಸೆ ಹುಯ್ಯುವವರು ತಾವು ತಿನ್ನುತ್ತಿದ್ದದ್ದು ಅಪರೂಪ. ನಾಲ್ಕೈದು ಕಪ್ ಚಹಾ, ಮಧ್ಯಾಹ್ನ ಒಂದಿಷ್ಟು ಬೆಳ್ತಿಗೆ ಅನ್ನ ಸಾರು, ರಾತ್ರಿ ಶೇಂಗಾ. 122 ಗ್ರಾಂ ಆಲ್ಕೋಹಾಲ್ ಗ್ರಾಮಿಗೆ 7ರಂತೆ 850 ಕ್ಯಾಲೊರಿ ಕೊಡುತ್ತದೆ, ಹೊಟ್ಟೆ ಹಸಿಯುವುದಿಲ್ಲ. ಆದರೆ ಆ ಕ್ಯಾಲೊರಿಯಲ್ಲಿ ವಿಟಮಿನ್ ಸೊನ್ನೆ. ಊರಲ್ಲಿದ್ದಿದ್ದರೆ ಕುಚ್ಚಲಕ್ಕಿ ಗಂಜಿಯಾದರೂ ಹೊಟ್ಟೆಗೆ ಬೀಳುತ್ತಿತ್ತು. ಭತ್ತವನ್ನು ಬೇಯಿಸಿ ಕುಟ್ಟುವಾಗ ತೌಡಿನ ಬಿ1 ಕಾಳಿನ ಒಳಕ್ಕೆ ಇಳಿದು ಉಳಿಯುತ್ತದೆ. ಪಾಲಿಶ್ ಮಾಡಿದ ಬೆಳ್ತಿಗೆಯಲ್ಲಿ ಅದು ತೌಡಿನ ಜತೆಗೇ ಹೋಗುತ್ತದೆ. ಬಿ1, ಅಂದರೆ ಥಯಾಮಿನ್, ಮೈಯಲ್ಲಿ ಇರುವುದೇ 25ರಿಂದ 30 ಮಿಗ್ರಾಂ, ಎರಡು ಮೂರು ವಾರದ ದಾಸ್ತಾನು. ಈ ಪ್ರಕರಣದ ಅರ್ಧ ಕಥೆ ಇಲ್ಲೇ ಇದೆ.

ಹಿಂದಿನ ಎರಡು ಸೂಚನೆಗಳನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಎರಡು ವರ್ಷದ ಹಿಂದೆ ಊರಿಗೆ ಹೋಗುವ ಮತ್ಸ್ಯಗಂಧ ರೈಲಿನಲ್ಲಿ ಒಮ್ಮೆ ಫಿಟ್ಸ್ ಬಂದಿತ್ತು, ‘ಖಾಲಿ ಹೊಟ್ಟೆ, ಪಿತ್ತ’ ಎಂದು ಮುಗಿಸಿದ್ದರು. ಹಿಂದಿನ ವರ್ಷ ಮಾಲೆ ಹಾಕಿದಾಗ ಮೂರು ದಿನ ನಡುಕ, ನಿದ್ದೆಯಿಲ್ಲ, ಯಾರೋ ಕರೆದಂತೆ ಸದ್ದು. ನಾಲ್ಕನೇ ದಿನ ಸರಿಹೋಗಿತ್ತು. ಕುಡಿತ ನಿಂತಾಗ ಬರುವ ತೊಂದರೆ ಸಲದಿಂದ ಸಲಕ್ಕೆ ಜೋರಾಗುತ್ತದೆ, ಮಿದುಳು ಪ್ರತಿ ಸಲವೂ ಸುಲಭವಾಗಿ ಕೆರಳಲು ಕಲಿಯುತ್ತದೆ. ‘ಹೋದ ವರ್ಷ ಏನೂ ಆಗಲಿಲ್ಲವಲ್ಲ’ ಎಂಬುದು ಧೈರ್ಯಕ್ಕೆ ಆಧಾರವಾಗುವುದಿಲ್ಲ.

ಮೊದಲ 66 ಗಂಟೆ

ನವೆಂಬರ್ ಮಧ್ಯ, ಮಂಡಲದ ಶುರು. ಶನಿವಾರ ರಾತ್ರಿ 11.30ಕ್ಕೆ ಕೊನೆಯ ಕ್ವಾರ್ಟರ್. ಭಾನುವಾರ ಬೆಳಗಿನ ಜಾವ ತಣ್ಣೀರು ಸ್ನಾನ, ಕಪ್ಪು ಪಂಚೆ, ಅಯ್ಯಪ್ಪ ಗುಡಿಯಲ್ಲಿ ಗುರುಸ್ವಾಮಿಗಳ ಕೈಯಿಂದ ಮಾಲೆ. 41 ದಿನ ಮದ್ಯ, ಮಾಂಸ ಮುಟ್ಟುವಂತಿಲ್ಲ. ವ್ರತದ ಮನಸ್ಸು ನಿಜವಾದದ್ದು, ಅದರಲ್ಲಿ ಯಾರಿಗೂ ಸಂಶಯವಿರಲಿಲ್ಲ.

6ನೇ ಗಂಟೆ: ಸರ ಹಾಕಿಸಿಕೊಳ್ಳುವಾಗ ಕೈ ನಡುಕ, ಬೆವರು. ತಣ್ಣೀರು ಸ್ನಾನದ ಪರಿಣಾಮ ಎಂದುಕೊಂಡರು. ಚಳಿಗೆ ನಡುಗುವವರು ಬೆವರುವುದಿಲ್ಲ ಎಂಬುದನ್ನು ಗಮನಿಸಲಿಲ್ಲ.

18ರಿಂದ 24ನೇ ಗಂಟೆ: ವಾಕರಿಕೆ, ಎದೆ ಡವಡವ, ಫ್ಯಾನಿನ ಸದ್ದಿಗೂ ಬೆಚ್ಚುವುದು, ರಾತ್ರಿ ಕಣ್ಣಿಗೆ ಕಣ್ಣು ಹತ್ತಲಿಲ್ಲ.

30ನೇ ಗಂಟೆ, ಸೋಮವಾರ ಬೆಳಿಗ್ಗೆ ಐದೂವರೆ: ಅಡುಗೆಮನೆಯಲ್ಲಿ ಫಿಟ್ಸ್. ಮೈಯೆಲ್ಲ ಸೆಟೆದು, ಆಮೇಲೆ ಕೈಕಾಲು ಬಡಿತ, ಒಂದೂವರೆ ನಿಮಿಷ. ಒಬ್ಬರು ಕೈಗೆ ಕಬ್ಬಿಣದ ಸೌಟು ಹಿಡಿಸಿದರು, ಇನ್ನೊಬ್ಬರು ಮೂಗಿಗೆ ಈರುಳ್ಳಿ. ಎರಡರಿಂದಲೂ ಪ್ರಯೋಜನವಿಲ್ಲ, ಫಿಟ್ಸ್ ತಾನಾಗಿಯೇ ನಿಲ್ಲುವ ಹೊತ್ತಿಗೆ ಅವು ಕೈಗೆ ಸಿಕ್ಕಿರುತ್ತವೆ ಅಷ್ಟೆ. ಮಾಡಬೇಕಾದ್ದು ಕಡಿಮೆ: ಉರಿಯುವ ಒಲೆ, ಕುದಿಯುವ ಎಣ್ಣೆಯಿಂದ ದೂರ ಎಳೆಯುವುದು, ತಲೆಯಡಿ ಬಟ್ಟೆ, ಬಡಿತ ನಿಂತೊಡನೆ ಒಂದು ಮಗ್ಗುಲಿಗೆ ಹೊರಳಿಸುವುದು, ಬಾಯೊಳಗೆ ಏನನ್ನೂ ತುರುಕದಿರುವುದು, ಗಡಿಯಾರ ನೋಡುವುದು. ಐದು ನಿಮಿಷ ದಾಟಿದರೆ ಅಥವಾ ಎಚ್ಚರವಾಗುವ ಮುಂಚೆ ಇನ್ನೊಂದು ಬಂದರೆ 108.

ಪಕ್ಕದ ನರ್ಸಿಂಗ್ ಹೋಮಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ‘ದಾರೂ ಪೀತೇ ಹೈ ಕ್ಯಾ?’ ಜತೆಗೆ ಹೋದವರು ಕಪ್ಪು ಪಂಚೆ ತೋರಿಸಿ ‘ಸ್ವಾಮಿಯವರು, ಕುಡಿಯುವುದಿಲ್ಲ’ ಎಂದರು. ಅದು ಸುಳ್ಳಲ್ಲ, ಆ ದಿನದ ಮಟ್ಟಿಗೆ ನಿಜ. ಪ್ರಶ್ನೆಯೇ ತಪ್ಪಿತ್ತು. ‘ಕೊನೆಯ ಸಲ ಕುಡಿದದ್ದು ಯಾವಾಗ?’ ಎಂದಿದ್ದರೆ ಸರಿಯಾದ ಉತ್ತರ ಬರುತ್ತಿತ್ತು. ಅಪಸ್ಮಾರ ಎಂದು ಫೆನಿಟಾಯಿನ್ ಮಾತ್ರೆ, ಸುಸ್ತಿಗೆ ಎರಡು ಬಾಟ್ಲಿ ಗ್ಲೂಕೋಸ್, ಸಂಜೆಗೆ ಮನೆಗೆ. ಫೆನಿಟಾಯಿನ್ ಅಪಸ್ಮಾರಕ್ಕೆ ಒಳ್ಳೆಯ ಔಷಧ, ಕುಡಿತ ನಿಂತು ಬರುವ ಫಿಟ್ಸನ್ನು ಮಾತ್ರ ಅದು ತಡೆಯುವುದಿಲ್ಲ. ಎರಡು ಬಾಟ್ಲಿ ಗ್ಲೂಕೋಸಿನ ಪರಿಣಾಮಕ್ಕೆ ಮುಂದೆ ಬರುತ್ತೇವೆ.

ಆ ರಾತ್ರಿ ಅವರು ‘ಒಂದು ಪೆಗ್ಗಾದರೂ ಕೊಡಿ’ ಎಂದು ಬೇಡಿಕೊಂಡರಂತೆ. ವ್ರತ ಮುರಿಯಬಾರದೆಂದು ಜತೆಯವರು ತಡೆದರು. ಪೆಗ್ಗು ನಡುಕವನ್ನು ಇಳಿಸುತ್ತಿತ್ತು, ಕಾಯಿಲೆಯನ್ನು ಮುಂದೂಡುತ್ತಿತ್ತು ಅಷ್ಟೆ. ಆದರೆ ಆ ಬೇಡಿಕೆಯನ್ನು ಚಪಲವೆಂದು ನೋಡಿದ್ದೇ ತಪ್ಪು. ಫಿಟ್ಸ್ ಆದ ಮೈ ತನಗೆ ಏನು ಕಡಿಮೆಯಾಗಿದೆ ಎಂದು ಹೇಳುತ್ತಿತ್ತು.

66ನೇ ಗಂಟೆ, ಮಂಗಳವಾರ ಸಂಜೆ: ‘ಅಲ್ ಕಾಣಿ, ಹಾವ್ ಹೋತಾ ಇತ್ತ್’ ಎಂದು ಗೋಡೆ ತೋರಿಸಲು ಶುರು. ಖೋಲಿಯಿಂದ ಓಡಿದರು, ಹಿಡಿದವರನ್ನು ಹೊಡೆದರು. ಸ್ವಾಮಿ ಮೈಮೇಲೆ ಬಂದರು ಎಂದು ಇಬ್ಬರು ಕೈಮುಗಿದು ಕರ್ಪೂರ ಹಚ್ಚಿದರು. ಕರಾವಳಿಯವರಿಗೆ ದರ್ಶನ, ಆವೇಶ ಹೊಸದಲ್ಲ, ಹಾಗನ್ನಿಸಿದ್ದು ಸಹಜ. ಆದರೆ ಆವೇಶ ಗಳಿಗೆಗಳಲ್ಲಿ ಇಳಿಯುತ್ತದೆ, ಇಳಿದ ಮೇಲೆ ಮನುಷ್ಯ ಹೆಸರು ಹಿಡಿದು ಮಾತಾಡುತ್ತಾನೆ. ಇಲ್ಲಿ ಮೈ ಕಾದಿತ್ತು, ಮೂರು ಗಂಟೆಯಾದರೂ ಇಳಿದಿರಲಿಲ್ಲ. ದೊಡ್ಡಮ್ಮನ ಮಗ ಥಾಣೆಯಿಂದ ಬಂದು ನೋಡಿ, ರಿಕ್ಷಾದಲ್ಲಿ ಹಾಕಿಕೊಂಡು ದೊಡ್ಡ ಆಸ್ಪತ್ರೆಗೆ ತಂದಾಗ ಮಂಗಳವಾರ ರಾತ್ರಿ ಒಂಬತ್ತೂವರೆ, ಕೊನೆಯ ಪೆಗ್ಗಿನಿಂದ 70ನೇ ಗಂಟೆ.

ಮಿದುಳಿನ ಒಳಗೆ

ಮಿದುಳಿನಲ್ಲಿ ನರಗಳನ್ನು ತಣಿಸುವ ಮುಖ್ಯ ರಾಸಾಯನಿಕ ಗಾಬಾ, ಕೆಣಕುವ ಮುಖ್ಯ ರಾಸಾಯನಿಕ ಗ್ಲುಟಮೇಟ್. ಆಲ್ಕೋಹಾಲ್ ಗಾಬಾದ ಕೆಲಸವನ್ನು ಹೆಚ್ಚಿಸುತ್ತದೆ, ಗ್ಲುಟಮೇಟಿನ ಎನ್‌ಎಂಡಿಎ ಗ್ರಾಹಕವನ್ನು, ಅಂದರೆ ಅದು ನರಕೋಶದ ಮೇಲೆ ಬಂದು ಕೂರುವ ತಾಣವನ್ನು, ಅದುಮುತ್ತದೆ. ಮೊದಲ ಪೆಗ್ಗಿನ ಹಗುರ, ಮೂರನೆಯದರ ತೊದಲು, ಐದನೆಯದರ ತೂರಾಟ ಎಲ್ಲ ಇದರಿಂದಲೇ. ಹಣೆಯ ಹಿಂದಿನ ಭಾಗ ಮಂಕಾದರೆ ಸಂಕೋಚ ಹೋಗುತ್ತದೆ, ಹಿಮ್ಮಿದುಳು ಮಂಕಾದರೆ ಹೆಜ್ಜೆ ತಪ್ಪುತ್ತದೆ, ಹಿಪೊಕ್ಯಾಂಪಸ್ ಮಂಕಾದರೆ ರಾತ್ರಿ ಆಡಿದ ಮಾತು ಬೆಳಿಗ್ಗೆ ನೆನಪಿರುವುದಿಲ್ಲ.

ನಿತ್ಯ ಕುಡಿದರೆ ಮಿದುಳು ಸುಮ್ಮನಿರುವುದಿಲ್ಲ. ಹೊರಗಿನಿಂದ ಇಷ್ಟು ತಣಿಸುವುದು ಬರುತ್ತಿದೆಯೆಂದು ಗಾಬಾ ಗ್ರಾಹಕಗಳ ಸ್ಪಂದನೆ ತಗ್ಗಿಸುತ್ತದೆ, ಎನ್‌ಎಂಡಿಎ ಗ್ರಾಹಕಗಳನ್ನು ಹೆಚ್ಚಿಸುತ್ತದೆ. ಹೊರಗಿನ ಒತ್ತಡ ಮತ್ತು ಒಳಗಿನ ತಿದ್ದುಪಡಿ ಸಮವಾಗಿ, ಕ್ವಾರ್ಟರ್ ಕುಡಿದವರು ಏನೂ ಆಗದವರಂತೆ ನಡೆಯುತ್ತಾರೆ. ‘ಎಷ್ಟು ಕುಡಿದರೂ ಏರುವುದಿಲ್ಲ’ ಎಂಬ ಹೆಗ್ಗಳಿಕೆಯ ಅರ್ಥ ಇಷ್ಟೇ. ಈಗ ಆಲ್ಕೋಹಾಲ್ ಒಂದೇ ರಾತ್ರಿಯಲ್ಲಿ ಹೋಯಿತೆನ್ನಿ. ಗ್ರಾಹಕಗಳು ಹಳೆಯ ಲೆಕ್ಕಕ್ಕೆ ಮರಳಲು ದಿನಗಳು, ವಾರಗಳು ಬೇಕು. ನಡುವಿನ ಈ ಹೊತ್ತಿನಲ್ಲಿ ಬ್ರೇಕ್ ಸಡಿಲ, ಆಕ್ಸಲರೇಟರ್ ಪೂರ್ತಿ. ನಡುಕ, ಬೆವರು, ಏರಿದ ನಾಡಿ, ಫಿಟ್ಸ್, ಭ್ರಾಂತಿ ಎಲ್ಲಕ್ಕೂ ಮೂಲ ಅದೊಂದೇ.

ಹೊತ್ತಿನ ಚೌಕಟ್ಟು ಬಹುಪಾಲು ರೋಗಿಗಳಲ್ಲಿ ಒಂದೇ ತೆರನಾದದ್ದು. ನಡುಕ 6ರಿಂದ 24 ಗಂಟೆಯಲ್ಲಿ, ಫಿಟ್ಸ್ 6ರಿಂದ 48ರಲ್ಲಿ, ಡೆಲಿರಿಯಂ ಟ್ರೆಮೆನ್ಸ್ ಎಂಬ ತೀವ್ರ ಸನ್ನಿ 48ರಿಂದ 96 ಗಂಟೆಯಲ್ಲಿ. ಎಲ್ಲರಿಗೂ ಸನ್ನಿ ಬರುವುದಿಲ್ಲ, ಕುಡಿತ ಬಿಟ್ಟ ಬಹಳಷ್ಟು ಮಂದಿ ನಡುಕದಲ್ಲೇ ಪಾರಾಗುತ್ತಾರೆ. ಆದರೆ ಬಂದವರಿಗೆ ಚಿಕಿತ್ಸೆ ಸಿಗದ ಕಾಲದಲ್ಲಿ ಮೂವರಲ್ಲಿ ಒಬ್ಬರ ತನಕ ಸಾಯುತ್ತಿದ್ದರು. ಈಗ ಸರಿಯಾದ ಚಿಕಿತ್ಸೆಯಲ್ಲಿ ಅದು ನೂರಕ್ಕೆ ಐದಕ್ಕಿಂತ ಕಡಿಮೆ.

ದಾಖಲಾದಾಗ

ಜ್ವರ 38.4 ಸೆಲ್ಸಿಯಸ್, ನಾಡಿ 132, ಬಿಪಿ 168/104, ಉಸಿರು ನಿಮಿಷಕ್ಕೆ 26, ಪಾಪೆ ಅಗಲ, ಹಾಸಿಗೆ ಒದ್ದೆಯಾಗುವಷ್ಟು ಬೆವರು. ತೂಕ 52 ಕಿಲೋ. ಎಲ್ಲಿದ್ದೀರಿ ಎಂದರೆ ‘ಹೋಟೆಲಲ್ಲಿ’. ಕೈ ಸುಮ್ಮನಿರಲಿಲ್ಲ. ಬಲಗೈಯಲ್ಲಿ ಇಲ್ಲದ ಸೌಟು ಹಿಡಿದು ಹಾಸಿಗೆಯ ನಡುವಿನಿಂದ ಸುತ್ತುಸುತ್ತಾಗಿ ಹಿಟ್ಟು ಹರಡುವುದು, ಎಡಗೈಯಿಂದ ನೀರು ಚಿಮುಕಿಸುವುದು, ಹಿಡಿಯಿಂದ ಒರೆಸುವುದು, ಮತ್ತೆ ಹಿಟ್ಟು. ಸನ್ನಿಯಲ್ಲಿ ಜನ ತಮ್ಮ ಕಸುಬನ್ನೇ ಮಾಡುವುದು ಹಳೆಯ ವೈದ್ಯರೂ ಕಂಡಿದ್ದ ಲಕ್ಷಣ. ಬಿಳಿಯ ಖಾಲಿ ಹಾಳೆ ಮುಂದೆ ಹಿಡಿದು ‘ಓದಿ’ ಎಂದಾಗ ತಡಮಾಡದೆ ಓದಿದರು: ‘ಮೂರು ಮಸಾಲೆ, ಎರಡು ಸಾದಾ, ಒಂದು ಮೈಸೂರು.’ ಹೇಳಿಕೊಟ್ಟದ್ದನ್ನು ಕಣ್ಣು ಕಾಣುವ ಈ ಸ್ಥಿತಿಯೂ ಡೆಲಿರಿಯಂ ಟ್ರೆಮೆನ್ಸಿನ ಗುರುತುಗಳಲ್ಲೊಂದು.

ಇಷ್ಟು ಸ್ಪಷ್ಟವಾಗಿದ್ದರೂ ‘ಕುಡುಕನ ಸನ್ನಿ’ ಎಂದು ಬರೆದು ಕೈತೊಳೆದುಕೊಳ್ಳುವಂತಿಲ್ಲ. ಬಿದ್ದವರ ತಲೆಯೊಳಗೆ ನಿಧಾನಕ್ಕೆ ರಕ್ತ ಸೋರಿರಬಹುದು. ಕುಡಿಯುವವರಲ್ಲಿ ಮಿದುಳು ಕುಗ್ಗಿ, ಅದರಿಂದ ಹೊದಿಕೆಗೆ ಸೇತುವೆಯಂತೆ ಹೋಗುವ ರಕ್ತನಾಳಗಳು ಬಿಗಿದಿರುತ್ತವೆ, ಪ್ಲೇಟ್‌ಲೆಟ್ ಕಡಿಮೆ, ಸಣ್ಣ ಪೆಟ್ಟೂ ಸಾಕು. ಸಿಟಿ ಸ್ಕ್ಯಾನಿನಲ್ಲಿ ರಕ್ತಸ್ರಾವ ಇರಲಿಲ್ಲ, ಹಿಮ್ಮಿದುಳಿನ ನಡುಭಾಗ ವಯಸ್ಸಿಗೆ ಮೀರಿ ಕುಗ್ಗಿತ್ತು. ಜ್ವರಕ್ಕೆ ಕಾರಣ ಹುಡುಕಿ ಎದೆಯ ಎಕ್ಸ್‌ರೇ ತೆಗೆಸಲಾಯಿತು, ನ್ಯುಮೋನಿಯಾ ಇಲ್ಲ. ಕುತ್ತಿಗೆ ಬಿಗಿದಿರಲಿಲ್ಲ. ಪಿತ್ತಜನಕಾಂಗ ಸೋತು ಬರುವ ಮಂಪರಿನಲ್ಲಿ ಕೈ ಚಾಚಿಸಿದರೆ ಅಂಗೈ ರೆಕ್ಕೆ ಬಡಿದಂತೆ ಬೀಳುತ್ತದೆ, ರೋಗಿ ತೂಕಡಿಸುತ್ತಾನೆ. ಇವರದು ಸಣ್ಣ ವೇಗದ ನಡುಕ, ಕಣ್ಣಿಗೆ ನಿದ್ದೆಯೇ ಇಲ್ಲ.

ರಕ್ತ ಪರೀಕ್ಷೆ: ಸಕ್ಕರೆ 58, ಸೋಡಿಯಂ 128, ಪೊಟ್ಯಾಸಿಯಂ 2.9, ಮೆಗ್ನೀಸಿಯಂ 1.2, ಪಿತ್ತಜನಕಾಂಗದ ಕಿಣ್ವಗಳಾದ ಎಎಸ್‌ಟಿ 168, ಎಎಲ್‌ಟಿ 72, ಜಿಜಿಟಿ 410, ಕಾಮಾಲೆಯ ಸೂಚಕ ಬಿಲಿರುಬಿನ್ 2.1, ಪ್ಲೇಟ್‌ಲೆಟ್ 92,000, ಕೆಂಪುಕಣದ ಗಾತ್ರ (ಎಂಸಿವಿ) 104. ಎಎಸ್‌ಟಿ ಎಎಲ್‌ಟಿಯ ಎರಡರಷ್ಟು ಇರುವುದು ಆಲ್ಕೋಹಾಲಿನ ಗುರುತು. ಸಕ್ಕರೆ ಇಳಿದದ್ದು ಏಕೆಂದರೆ ಊಟವಿಲ್ಲದೆ ಪಿತ್ತಜನಕಾಂಗದ ದಾಸ್ತಾನು ಮುಗಿದಿತ್ತು.

ಕಣ್ಣು ಹೇಳಿದ್ದು

ಸೋಮವಾರ ರಾತ್ರಿಯೇ ಅವರು ‘ಎರಡೆರಡು ಕಾಣುತ್ತದೆ’ ಎಂದಿದ್ದರು. ಮುಂಬಯಿಯಲ್ಲಿ ಕುಡಿದವರು ಕಣ್ಣಿನ ಮಾತೆತ್ತಿದರೆ ಮೊದಲು ಮೆಥನಾಲ್ ನೆನಪಾಗಬೇಕು. 2015ರ ಜೂನ್‌ನಲ್ಲಿ ಮಾಲಾಡಿನ ಮಾಲ್ವಣಿಯಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತದ್ದು ಅದರಿಂದ. ಮೆಥನಾಲ್ ಮೈಯಲ್ಲಿ ಫಾರ್ಮಿಕ್ ಆಮ್ಲವಾಗಿ ದೃಷ್ಟಿನರವನ್ನು ಸುಡುತ್ತದೆ. ಅಲ್ಲಿ ನೋಟ ಮಬ್ಬಾಗುತ್ತದೆ, ಮಂಜು ಕವಿದಂತೆ ಬಿಳಿಯಾಗುತ್ತದೆ, ಒಂದು ಕಣ್ಣು ಮುಚ್ಚಿದರೂ ಮಬ್ಬು ಮಬ್ಬೇ. ಇವರಲ್ಲಿ ಒಂದು ಕಣ್ಣು ಮುಚ್ಚಿದರೆ ಎರಡು ಹೋಗಿ ಒಂದಾಗುತ್ತಿತ್ತು. ಅಂದರೆ ದೃಷ್ಟಿನರ ಸರಿಯಿದೆ, ಎರಡು ಕಣ್ಣು ಒಂದೇ ಕಡೆ ತಿರುಗುತ್ತಿಲ್ಲ. ಬೆರಳನ್ನು ಪಕ್ಕಕ್ಕೆ ಒಯ್ದಾಗ ಎರಡೂ ಕಣ್ಣು ಹೊರಮೂಲೆಗೆ ತಲುಪದೆ ಅಲ್ಲೇ ತುಯ್ಯುತ್ತಿದ್ದವು. ರಕ್ತದ ಆಮ್ಲತೆಯೂ ಮೆಥನಾಲಿಗೆ ಹೊಂದುತ್ತಿರಲಿಲ್ಲ.

ಇದು ವೆರ್ನಿಕೆ ಎನ್ಸೆಫಲೋಪತಿ, ಥಯಾಮಿನ್ ಬರಿದಾದ ಮಿದುಳಿನ ಕಾಯಿಲೆ. ಕಾರ್ಲ್ ವೆರ್ನಿಕೆ 1881ರಲ್ಲಿ ವಿವರಿಸಿದ ಮೂವರಲ್ಲಿ ಇಬ್ಬರು ಕುಡುಕರು, ಮೂರನೆಯವಳು ಆಮ್ಲ ಕುಡಿದು ವಾಂತಿಯಾಗಿ ಅನ್ನ ಹತ್ತದ ಹುಡುಗಿ. ಕೊರತೆ ಯಾವ ದಾರಿಯಿಂದ ಬಂದರೂ ಕಾಯಿಲೆ ಒಂದೇ. ಪುಸ್ತಕದ ಮೂರು ಲಕ್ಷಣಗಳು ಗೊಂದಲ, ಕಣ್ಣಿನ ಚಲನೆಯ ದೋಷ, ನಡಿಗೆಯ ತೂರಾಟ. ಮೂರೂ ಒಟ್ಟಿಗೆ ಕಾಣುವುದು ಕೆಲವರಲ್ಲಿ ಮಾತ್ರ. ಮೂರಕ್ಕೂ ಕಾದು ಕೂತರೆ ಬಹಳಷ್ಟು ರೋಗಿಗಳು ಕೈತಪ್ಪುತ್ತಾರೆ. ಊಟವಿಲ್ಲದ ಕುಡುಕರಲ್ಲಿ ಒಂದೇ ಲಕ್ಷಣ ಕಂಡರೂ ಬಿ1 ಕೊಡುವುದೇ ಸರಿ. ಕೊಟ್ಟು ತಪ್ಪಾದರೆ ನಷ್ಟ ಕೆಲವು ರೂಪಾಯಿ.

ಈಗ ಆ ಎರಡು ಬಾಟ್ಲಿ ಗ್ಲೂಕೋಸು. ಗ್ಲೂಕೋಸನ್ನು ಶಕ್ತಿಯಾಗಿಸುವ ದಾರಿಯಲ್ಲಿ ಪೈರುವೇಟ್ ಡೀಹೈಡ್ರೋಜಿನೇಸ್ ಮುಂತಾದ ಕಿಣ್ವಗಳಿಗೆ ಥಯಾಮಿನ್ ಬೇಕೇ ಬೇಕು. ತಳದಲ್ಲಿ ಉಳಿದಿದ್ದ ಒಂದಿಷ್ಟು ಥಯಾಮಿನ್ ಒಮ್ಮೆಲೇ ಬಂದ ಸಕ್ಕರೆಗೆ ಖರ್ಚಾಯಿತು. ಥಲಾಮಸ್, ಮ್ಯಾಮಿಲರಿ ಬಾಡಿ, ಮಿದುಳುಕಾಂಡದಲ್ಲಿ ಕಣ್ಣು ತಿರುಗಿಸುವ ನರಗಳ ತಾಣ – ಸದಾ ಹೆಚ್ಚು ಶಕ್ತಿ ಬೇಡುವ ಈ ಜಾಗಗಳು ಮೊದಲು ಕೆಟ್ಟವು. ಗ್ಲೂಕೋಸು ಸೋಮವಾರ ಹಗಲು, ಎರಡೆರಡು ಕಂಡದ್ದು ಅದೇ ರಾತ್ರಿ. ‘ಬಲಕ್ಕೆ ಒಂದು ಬಾಟ್ಲಿ ಏರಿಸಿ’ ಎಂದು ಒತ್ತಾಯಿಸುವ ನಮ್ಮ ಜನರೂ ಇದರಲ್ಲಿ ಪಾಲುದಾರರೇ.

ಆದರೆ ಇದನ್ನು ತಿರುವುಮುರುವು ಅರ್ಥ ಮಾಡಿಕೊಳ್ಳಬಾರದು. ಸಕ್ಕರೆ ನಿಜಕ್ಕೂ ಇಳಿದಿದ್ದರೆ ‘ಮೊದಲು ಬಿ1 ಬರಲಿ’ ಎಂದು ಗ್ಲೂಕೋಸನ್ನು ತಡೆಯುವುದೂ ಅಪಾಯ. ಇವರ ಸಕ್ಕರೆ 58 ಇತ್ತು. ಒಂದು ಕೈಗೆ 500 ಮಿಗ್ರಾಂ ಥಯಾಮಿನ್ 100 ಮಿಲೀ ನಾರ್ಮಲ್ ಸಲೈನಿನಲ್ಲಿ ಅರ್ಧ ಗಂಟೆಯಲ್ಲಿ ಇಳಿಯುವಂತೆ ಶುರು ಮಾಡಿ, ಇನ್ನೊಂದು ಕೈಗೆ ಆಗಲೇ 25% ಡೆಕ್ಸ್‌ಟ್ರೋಸ್ 100 ಮಿಲೀ.

ಥಯಾಮಿನ್ 500 ಮಿಗ್ರಾಂ ದಿನಕ್ಕೆ ಮೂರು ಸಲ ಮೂರು ದಿನ, ಆಮೇಲೆ ದಿನಕ್ಕೆ 250 ಐದು ದಿನ. ಮಾತ್ರೆಯಲ್ಲಿ ಇದನ್ನು ಸಾಧಿಸಲಾಗದು, ಕುಡಿದು ಕೆಟ್ಟ ಕರುಳು ಹೀರುವುದು ತೀರಾ ಕಡಿಮೆ. ಸುಸ್ತಿಗೆ ಚುಚ್ಚುವ ಬಿ ಕಾಂಪ್ಲೆಕ್ಸ್ ಇಂಜೆಕ್ಷನ್ನಿನಲ್ಲಿ ಇರುವ ಬಿ1 ಇದರ ಮುಂದೆ ಏನೇನೂ ಅಲ್ಲ. ಮೆಗ್ನೀಸಿಯಂ ಇಲ್ಲದೆ ಥಯಾಮಿನ್ ಕೆಲಸ ಮಾಡದು, ಪೊಟ್ಯಾಸಿಯಂ ಕೂಡ ಏರದು. ಹಾಗಾಗಿ ಮೆಗ್ನೀಸಿಯಂ ಸಲ್ಫೇಟ್ 2 ಗ್ರಾಂ ಮೊದಲು, ಮುಂದೆ ದಿನಕ್ಕೆ 4 ಗ್ರಾಂ. ಸೋಡಿಯಂ ಮಾತ್ರ ಅವಸರದಲ್ಲಿ ಏರಿಸಬಾರದು, 24 ಗಂಟೆಗೆ 8ಕ್ಕಿಂತ ಹೆಚ್ಚು ಏರಿದರೆ ಮಿದುಳುಕಾಂಡದ ನರಗಳ ಹೊದಿಕೆ ಕಳಚುವ ಅಪಾಯವಿದೆ.

ಸನ್ನಿಯನ್ನು ಇಳಿಸಿದ್ದು

ಔಷಧ ಬೆಂಜೊಡಯಾಜೆಪಿನ್ ಗುಂಪಿನದು. ಆಲ್ಕೋಹಾಲ್ ಗಾಬಾದಲ್ಲಿ ಮಾಡುತ್ತಿದ್ದ ಕೆಲಸವನ್ನು ಇವು ಮಾಡುತ್ತವೆ, ಆಮೇಲೆ ಅಳತೆಯಿಟ್ಟು ಇಳಿಸಬಹುದು. ಪಿತ್ತಜನಕಾಂಗ ಸರಿಯಿದ್ದವರಿಗೆ ಡಯಾಜೆಪಾಮ್, ಕ್ಲೋರ್ಡಯಾಜೆಪಾಕ್ಸೈಡ್ ಒಳ್ಳೆಯವು. ಬಹಳ ಹೊತ್ತು ಮೈಯಲ್ಲಿ ಉಳಿದು ತಾವಾಗಿ ನಿಧಾನ ಇಳಿಯುತ್ತವೆ. ಬಿಲಿರುಬಿನ್ ಏರಿದವರಲ್ಲಿ ಅವು ಪೇರಿಕೊಳ್ಳುತ್ತವೆ, ಅದಕ್ಕೆ ಇಲ್ಲಿ ಲೊರಾಜೆಪಾಮ್. 4 ಮಿಗ್ರಾಂ ರಕ್ತನಾಳಕ್ಕೆ, ಆಮೇಲೆ ಹತ್ತು ಹದಿನೈದು ನಿಮಿಷಕ್ಕೊಮ್ಮೆ ನೋಡಿ 2ರಿಂದ 4 ಮಿಗ್ರಾಂ. ಗುರಿ ಮಲಗಿಸಿಬಿಡುವುದಲ್ಲ. ಶಾಂತ, ಕರೆದರೆ ಏಳುವಷ್ಟು ನಿದ್ದೆ. ಮೊದಲ ನಾಲ್ಕು ಗಂಟೆಗೆ 16 ಮಿಗ್ರಾಂ ಬೇಕಾಯಿತು. ಅಷ್ಟೊಂದು ಏಕೆಂದು ಬೆದರುವುದು ಸಹಜ. ಹೆದರಿ 2 ಮಿಗ್ರಾಂಗೆ ನಿಲ್ಲಿಸಿ, ಕೈಕಾಲು ಕಟ್ಟಿ ರಾತ್ರಿ ಕಳೆಯುವುದೇ ಹೆಚ್ಚು ಅಪಾಯ. ಕಟ್ಟಿದವರು ಕೊಸರಾಡಿ ಮೈ ಕಾಯುತ್ತದೆ, ಸ್ನಾಯು ಕರಗುತ್ತದೆ, ಮೂತ್ರಪಿಂಡ ಕೆಡುತ್ತದೆ. ಉಸಿರು, ಆಮ್ಲಜನಕದ ಮೇಲೆ ನಿಗಾ ಇಡಬಲ್ಲ ಹಾಸಿಗೆ ಮಾತ್ರ ಬೇಕೇ ಬೇಕು.

ಗಲಾಟೆಯ ರೋಗಿಗೆ ಮನೋರೋಗಕ್ಕೆ ಕೊಡುವ ಹ್ಯಾಲೊಪೆರಿಡಾಲ್ ಚುಚ್ಚುವ ಚಾಳಿಯೂ ಇದೆ. ಅದು ಫಿಟ್ಸ್ ಬರುವ ಮಿತಿಯನ್ನು ಇಳಿಸುತ್ತದೆ, ಪೊಟ್ಯಾಸಿಯಂ 2.9 ಇರುವವರ ಹೃದಯದ ಲಯ ಕೆಡಿಸಬಹುದು. ಬೆಂಜೊಡಯಾಜೆಪಿನ್ ಸಾಕಷ್ಟು ಕೊಟ್ಟ ಮೇಲೂ ಭ್ರಾಂತಿ ಉಳಿದರೆ ಮಾತ್ರ ಅದರ ಮಾತು. ತೀವ್ರತೆ ಅಳೆಯಲು ಸಿಐಡಬ್ಲ್ಯುಎ ಎಂಬ 67 ಅಂಕದ ಪಟ್ಟಿಯಿದೆ, 8ರ ಒಳಗೆ ಸೌಮ್ಯ, 15 ದಾಟಿದರೆ ತೀವ್ರ. ರೋಗಿ ಉತ್ತರ ಕೊಡಬೇಕಾದ ಪ್ರಶ್ನೆಗಳೇ ಅದರಲ್ಲಿ ಹೆಚ್ಚು, ಸನ್ನಿ ಹಿಡಿದವರಲ್ಲಿ ನಡೆಯುವುದಿಲ್ಲ.

ಔಷಧದಷ್ಟೇ ಕೆಲಸ ಮಾಡಿದ್ದು ಭಾಷೆ. ವಾರ್ಡಿನಲ್ಲಿ ಮರಾಠಿ, ಹಿಂದಿ. ಸಿಸ್ಟರ್ ‘ಶಾಂತ ಝೋಪಾ’ (ಸುಮ್ಮನೆ ಮಲಗಿ) ಎಂದಷ್ಟೂ ಇವರ ಗಾಬರಿ ಏರುತ್ತಿತ್ತು. ದೊಡ್ಡಮ್ಮನ ಮಗ ತಲೆದೆಸೆಯಲ್ಲಿ ಕೂತು ಊರ ಕನ್ನಡದಲ್ಲಿ ಒಂದೊಂದೇ ಮಾತು ಹೇಳುತ್ತಿದ್ದಾಗ ಕೈಯ ಸೌಟು ನಿಲ್ಲುತ್ತಿತ್ತು. ದೊಡ್ಡಮ್ಮನ ಮಗನನ್ನು ರಾತ್ರಿ ವಾರ್ಡಿನಿಂದ ಹೊರಗೆ ಕಳಿಸದಂತೆ ಕೇಸ್ ಹಾಳೆಯಲ್ಲೇ ಬರೆಯಲಾಯಿತು. ದೀಪ ಆರಿಸಲಿಲ್ಲ, ನೆರಳುಗಳೇ ಹಾವಾಗುವುದು. ಮಾಲೆಯನ್ನು ತೆಗೆಯಲು ಹೋದಾಗ ರೋಗಿ ಕೆರಳಿದರು. ಗುರುಸ್ವಾಮಿಗಳಿಗೆ ಫೋನ್ ಮಾಡಿದಾಗ, ‘ಮದ್ದಿಗೆ ವ್ರತಭಂಗವಿಲ್ಲ, ಮಾಲೆ ಕೈಗೆ ಸುತ್ತಿ’ ಎಂದರು. ಸರ ಕುತ್ತಿಗೆಗೆ ಬಿಗಿಯುವ ಭಯವೂ ಹೋಯಿತು.

ಉಳಿದದ್ದು

ಕಣ್ಣುಗಳು ಮೊದಲು ತಿರುಗಿದವು: ಎರಡನೇ ದಿನ ಎರಡೆರಡು ಕಾಣುವುದು ನಿಂತಿತು, ತುಯ್ತ ಉಳಿಯಿತು. ವೆರ್ನಿಕೆಯಲ್ಲಿ ಕ್ರಮ ಇದೇ. ಕಣ್ಣು ಗಂಟೆಗಳಲ್ಲಿ ಅಥವಾ ದಿನಗಳಲ್ಲಿ, ಗೊಂದಲ ದಿನಗಳಲ್ಲಿ, ನಡಿಗೆ ವಾರಗಳಲ್ಲಿ, ಅದೂ ಅರೆಬರೆ. ನಾಲ್ಕನೇ ದಿನಕ್ಕೆ ಸನ್ನಿ ಇಳಿಯಿತು.

ಎಂಟನೇ ದಿನ ಎಲ್ಲರೂ ಗುಣವಾಯಿತೆಂದು ಸಂತೋಷಪಡುವಾಗ ನೆನಪಿನ ಪರೀಕ್ಷೆ ಮಾಡಲಾಯಿತು. ಮೂರು ಪದ ಹೇಳಿ ಐದು ನಿಮಿಷ ಬಿಟ್ಟು ಕೇಳಿದರೆ ಒಂದೇ ನೆನಪಿತ್ತು. ಹೋದ ವಾರ ಎಲ್ಲಿದ್ದಿರಿ ಎಂದದ್ದಕ್ಕೆ ಸಲೀಸಾಗಿ ವಿವರಿಸಿದರು: ಶಬರಿಮಲೆಗೆ ಹೋಗಿದ್ದೆ, ಪಂಪೆಯಲ್ಲಿ ಸ್ನಾನ, ಹದಿನೆಂಟು ಮೆಟ್ಟಿಲು, ನೂಕುನುಗ್ಗಲು. ಸುಳ್ಳು ಹೇಳುವ ಉದ್ದೇಶವೇ ಅದರಲ್ಲಿಲ್ಲ. ಹೊಸ ನೆನಪು ಕೂರುವ ಜಾಗ ಕೆಟ್ಟು, ಖಾಲಿಯಾದಲ್ಲಿ ಮಿದುಳು ಹಳೆಯದನ್ನು ತುಂಬುತ್ತದೆ. ರಷ್ಯದ ವೈದ್ಯ ಕೊರ್ಸಕೋವ್ 1887ರಿಂದ ವಿವರಿಸಿದ, ಈಗ ಅವನ ಹೆಸರಿನಲ್ಲೇ ಕರೆಯುವ ಸ್ಥಿತಿ ಇದು. ಸೋಮವಾರ ಬೆಳಿಗ್ಗೆಯೇ ಥಯಾಮಿನ್ ಸಿಕ್ಕಿದ್ದರೆ ಇಷ್ಟು ಆಗುತ್ತಿರಲಿಲ್ಲ ಎಂಬುದು ನಮ್ಮ ಅಂದಾಜು.

ಉಳಿದ ಅಂಗಗಳ ಮಾತು ಚಿಕ್ಕದು. ಪಿತ್ತಜನಕಾಂಗದಲ್ಲಿ ಕೊಬ್ಬು ಮತ್ತು ಉರಿಯೂತ, ಇನ್ನೂ ಗಡುಸಾಗಿಲ್ಲ. ಅಂಗಾಲು ಉರಿ, ನರಗಳ ಸವೆತ. ಹೃದಯ ಸರಿಯಿದೆ.

ಮೂರು ತಿಂಗಳು ಕುಡಿಯದೆ ಇದ್ದ ಮೇಲೆ ಜಿಜಿಟಿ 61, ಪ್ಲೇಟ್‌ಲೆಟ್ 1,90,000, ಎಂಸಿವಿ 95. ಜಿಜಿಟಿ ಎರಡು ಮೂರು ವಾರಕ್ಕೊಮ್ಮೆ ಅರ್ಧವಾಗುತ್ತದೆ. ಎಂಸಿವಿ ಇಳಿಯಲು ಹಳೆಯ ಕೆಂಪುಕಣಗಳು ಸಾಯಬೇಕು, ಅವುಗಳ ಆಯುಸ್ಸು 120 ದಿನ. ಮೂರರಲ್ಲಿ ಎರಡು ಪದ ನೆನಪಿರುತ್ತದೆ. ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆಯಲು ಇನ್ನೂ ಆಗದು. ಕಾವಲಿಯ ಕೆಲಸ ಬಂದಿದೆ, ಕೈಗೆ ಕೂತ ವಿದ್ಯೆ ಬೇರೆ ಜಾಗದಲ್ಲಿ ಇರುತ್ತದೆ. ಆರ್ಡರ್ ಮಾತ್ರ ಬಾಯಲ್ಲಿ ಹೇಳಿದರೆ ನಿಲ್ಲದು, ಚೀಟಿಯಲ್ಲಿ ಬರೆದು ಕಣ್ಣೆದುರು ಸಿಕ್ಕಿಸಬೇಕು.

ಮುಂದೆ ಮಾಲೆ ಹಾಕುವವರಿಗೆ

ಬೆಳಗ್ಗೆ ಎದ್ದೊಡನೆ ಕುಡಿಯುವವರು, ಹಿಂದೆ ಫಿಟ್ಸ್ ಅಥವಾ ಸನ್ನಿ ಬಂದವರು, ಊಟ ಬಿಟ್ಟವರು – ಈ ಮೂರರಲ್ಲಿ ಒಂದಾದರೂ ಇದ್ದರೆ ಖೋಲಿಯಲ್ಲಿ ಬಿಡುವ ಪ್ರಯತ್ನ ಬೇಡ, ಒಂದು ವಾರದ ಅಡ್ಮಿಷನ್ನೇ ದಾರಿ. ಪರೇಲಿನ ಕೆಇಎಂ, ಮುಂಬಯಿ ಸೆಂಟ್ರಲ್ಲಿನ ನಾಯರ್, ಸಯನ್ ಆಸ್ಪತ್ರೆಗಳ ಮನೋರೋಗ ವಿಭಾಗದಲ್ಲಿ ಚಿಕಿತ್ಸೆ ಸಿಗುತ್ತದೆ. ಪುಣೆಯ ಕಡೆಯವರಿಗೆ 1986ರಿಂದ ನಡೆಯುತ್ತಿರುವ ಮುಕ್ತಾಂಗಣ ಇದೆ. ಎಲ್ಲಿ ಹೋಗಬೇಕೆಂದು ತಿಳಿಯದಿದ್ದರೆ ವ್ಯಸನಮುಕ್ತಿಯ ಸಹಾಯವಾಣಿ 14446 ಅಥವಾ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸದ 14416. ಅಷ್ಟು ತೀವ್ರವಲ್ಲದವರಿಗೆ ವೈದ್ಯರು ಕ್ಲೋರ್ಡಯಾಜೆಪಾಕ್ಸೈಡನ್ನು ಐದರಿಂದ ಏಳು ದಿನಕ್ಕೆ ಇಳಿಸುತ್ತಾ ಬರೆಯುತ್ತಾರೆ, ಜತೆಗೆ ಬಿ1. ಆ ಮಾತ್ರೆಯ ಮೇಲೆ ಕುಡಿದರೆ ಉಸಿರು ನಿಲ್ಲಬಹುದು, ಅದಕ್ಕೆ ದಿನದ ಮಾತ್ರೆ ದಿನವೂ ಇನ್ನೊಬ್ಬರ ಕೈಯಿಂದಲೇ. ಮಾಲೆ ಹಾಕುವುದು ಈ ವಾರ ಮುಗಿದ ಮೇಲೆ. ಹಾಗಾಗಿ ವೈದ್ಯರನ್ನು ಕಾಣಬೇಕಾದ್ದು ದೀಪಾವಳಿಯ ಹೊತ್ತಿಗೆ, ಗುಡಿಗೆ ಹೋಗುವ ಹಿಂದಿನ ದಿನವಲ್ಲ.

ಮತ್ತೆ ಕುಡಿಯದಂತೆ ಏನು ಕೊಡುವುದು ಎಂಬ ಪ್ರಶ್ನೆ ಬಂದಾಗ ಊರಿನಿಂದ ಬಂದ ಬಾವ ಕೇಳಿದ್ದು ‘ಗೊತ್ತಾಗದಂತೆ ಊಟದಲ್ಲಿ ಬೆರೆಸುವ ಮಾತ್ರೆ’. ಅದು ಡೈಸಲ್ಫಿರಾಮ್. ತಿಂದದ್ದು ಗೊತ್ತಿಲ್ಲದೆ ಕುಡಿದರೆ, ಆಲ್ಕೋಹಾಲ್ ಒಡೆದು ಹುಟ್ಟುವ ಅಸೆಟಾಲ್ಡಿಹೈಡ್ ಏರಿ ಬಿಪಿ ಕುಸಿಯುತ್ತದೆ, ಸಾವೂ ಆಗಿದೆ. ಕೆಟ್ಟ ಪಿತ್ತಜನಕಾಂಗಕ್ಕೆ ಮೊದಲೇ ಸಲ್ಲದು. ಇವರಿಗೆ ಆಯ್ದದ್ದು ಅಕಾಂಪ್ರೊಸೇಟ್. ಅದು ಪಿತ್ತಜನಕಾಂಗದ ಮೂಲಕ ಹೋಗದೆ ಮೂತ್ರಪಿಂಡದಿಂದ ಹೊರಬೀಳುತ್ತದೆ, ಕೆರಳಿದ ಗ್ಲುಟಮೇಟನ್ನು ತಣಿಸುತ್ತದೆ. 60 ಕಿಲೋಗಿಂತ ಕಡಿಮೆ ತೂಕದವರಿಗೆ 333 ಮಿಗ್ರಾಂನ ಮಾತ್ರೆ ಬೆಳಿಗ್ಗೆ ಎರಡು, ಮಧ್ಯಾಹ್ನ ಒಂದು, ರಾತ್ರಿ ಒಂದು. ದಿನಕ್ಕೆ ಮೂರು ಹೊತ್ತಿನ ಔಷಧವನ್ನು ನೆನಪಿನ ಕಾಯಿಲೆಯವರ ಕೈಗೆ ಬಿಡುವಂತಿಲ್ಲ. ಮಾತ್ರೆ ಡಬ್ಬಿ ಹೋಟೆಲಿನ ಕೌಂಟರಿನಲ್ಲಿದೆ. ಮೂರು ಹೊತ್ತೂ ಕೌಂಟರಿನಲ್ಲಿ ಕೂರುವವರೇ ಎಣಿಸಿ ಕೊಟ್ಟು ನುಂಗಿಸಿ, ಹಾಲಿನ ಲೆಕ್ಕದ ಪುಸ್ತಕದಲ್ಲಿ ಗೀಟು ಹಾಕುತ್ತಾರೆ.